ಯಾವ ಹೆಂಗಸು?

ನವೆಂಬರ್ 9, 2025, ಭಾನುವಾರ, ರಾತ್ರಿ 11.20

ಬೆಳಿಗ್ಗೆ ತಂಗಿ ಫೋನ್ ಮಾಡಿದಳು. ಎತ್ತಿದ ಕೂಡಲೇ ಕೇಳಿದ್ದು, "ಅಣ್ಣಾ, ಐದನೇ ದಿನ ಮುಗಿಸಿದ್ಯಾ? ಆ ಹೆಂಗಸನ್ನ ಒಳಗೆ ಬಿಟ್ಯಾ ಇಲ್ವಾ?"

"ಯಾವ ಹೆಂಗಸು?" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಹೋಗ್ಲಿ ಬಿಡು" ಅಂದು ಬೇರೆ ವಿಷಯ ತೆಗೆದಳು. ಆ "ಹೋಗ್ಲಿ ಬಿಡು" ಇಡೀ ದಿನ ತಲೆಯಲ್ಲಿ ಕೂತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವಳು ಕೇಳಿದ್ದು ನಾನು ಆಡುತ್ತಿರುವ ಒಂದು ವಿಡಿಯೋ ಗೇಮಿನ ಬಗ್ಗೆ. ಆಟದ ಹೆಸರು ಪೇಪರ್ಸ್, ಪ್ಲೀಸ್. ಹಳೆಯದು, 2013ರದು. ಲೂಕಸ್ ಪೋಪ್ ಎನ್ನುವವರು ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ್ದು. ಇದರಲ್ಲಿ ಓಡುವುದಿಲ್ಲ, ಹಾರುವುದಿಲ್ಲ. 1982ನೇ ಇಸವಿ, ಆರ್ಸ್ಟೋಟ್ಸ್ಕಾ ಎಂಬ ಇಲ್ಲದ ದೇಶ. ಸರ್ಕಾರದ ಲಾಟರಿಯಲ್ಲಿ ನಿಮಗೊಂದು ಕೆಲಸ ಬಿದ್ದಿದೆ. ಗಡಿಯಲ್ಲಿ ಒಂದು ಗೂಡಿನಂಥ ಕೋಣೆ. ಅಲ್ಲಿ ಕೂತು ಬಂದವರ ಪಾಸ್‌ಪೋರ್ಟ್ ನೋಡಬೇಕು. ಎಲ್ಲ ಸರಿಯಿದ್ದರೆ ಹಸಿರು ಸೀಲು, ಇಲ್ಲದಿದ್ದರೆ ಕೆಂಪು. ಸರಿಯಾಗಿ ನೋಡಿದ ಒಬ್ಬೊಬ್ಬರಿಗೂ 5 ಕ್ರೆಡಿಟ್. ಸಂಜೆ ಆ ದುಡ್ಡಿನಲ್ಲಿ ಬಾಡಿಗೆ ಕಟ್ಟಬೇಕು, ಊಟ ತರಬೇಕು, ಮನೆ ಬೆಚ್ಚಗಿಡಬೇಕು. ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ, ಎಲ್ಲರೂ ನಿಮ್ಮ ಸೀಲಿನ ಮೇಲೇ ನಿಂತವರು. ಎರಡು ದಿನ ದುಡ್ಡು ಸಾಲದಿದ್ದರೆ ಯಾರಿಗಾದರೂ ಕಾಯಿಲೆ ಬಂತು ಅಂತಲೇ ಲೆಕ್ಕ.

ಹೇಳಿದರೆ ಬೋರು ಅನ್ನಿಸುತ್ತೆ. ಆಡಿದರೆ ಹಾಗಲ್ಲ. ಗಡಿಯಾರ ಓಡುತ್ತಿರುತ್ತದೆ, ಹೊರಗೆ ಸಾಲು ಉದ್ದ ನಿಂತಿರುತ್ತದೆ. ಫೋಟೋಕ್ಕೂ ಮುಖಕ್ಕೂ ತಾಳೆಯಾಗದಿದ್ದರೆ, ಊರಿನ ಹೆಸರು ತಪ್ಪಿದ್ದರೆ, ತಾರೀಖು ಮುಗಿದಿದ್ದರೆ ಕಣ್ಣಿಗೆ ತಟ್ಟನೆ ಹೊಡೆಯಬೇಕು. ಮೂರನೇ ದಿನದ ಹೊತ್ತಿಗೆ ನನಗೆ ಆ ಕಣ್ಣು ಬಂದುಬಿಟ್ಟಿತ್ತು. ತಪ್ಪು ಸಿಕ್ಕಿದರೆ ಖುಷಿ. ನಿಜ ಹೇಳಬೇಕೆಂದರೆ ತಪ್ಪಿಲ್ಲದವರು ಬಂದರೇ ಸ್ವಲ್ಪ ಬೇಜಾರು.

ಮಧ್ಯಾಹ್ನ ಊಟ ಆದ ಮೇಲೆ ಐದನೇ ದಿನವನ್ನು ಮತ್ತೆ ಆಡಿದೆ. ಈ ಆಟದಲ್ಲಿ ಹಳೆಯ ಯಾವ ದಿನಕ್ಕಾದರೂ ವಾಪಸ್ ಹೋಗಬಹುದು. ಈ ಸಲ ನಿಧಾನ ಮಾಡಿದೆ.

ಒಬ್ಬ ಗಂಡಸು ಬಂದ. ಅವನ ಕಾಗದ ಎಲ್ಲ ಸರಿ. ಹೋಗುವಾಗ, ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ದಯವಿಟ್ಟು ಅವಳನ್ನು ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಮಾತು ಹೇಳಿದ. ಮುಂದಿನವಳು ಅವಳೇ. ಪಾಸ್‌ಪೋರ್ಟ್ ಇದೆ. ಪ್ರವೇಶದ ಪರವಾನಗಿ ಇಲ್ಲ. ಆ ನಿಯಮ ಅವತ್ತು ಬೆಳಿಗ್ಗೆಯಷ್ಟೇ ಬಂದದ್ದು. ಪರವಾನಗಿ ಎಲ್ಲಿ ಅಂತ ಕೇಳಿದರೆ, ನನಗೆ ಕೊಡಲಿಲ್ಲ, ವಾಪಸ್ ಹೋದರೆ ನನ್ನನ್ನು ಕೊಲ್ಲುತ್ತಾರೆ ಅನ್ನುತ್ತಾಳೆ.

ಮೊನ್ನೆ ರಾತ್ರಿಯೂ ಅವಳು ಇದನ್ನೇ ಹೇಳಿದ್ದಳು. ನಾನು ಕೆಂಪು ಸೀಲು ಹೊಡೆದಿದ್ದೆ. ಯೋಚನೆ ಮಾಡಿ, ನೊಂದು, ಬೇರೆ ದಾರಿಯಿಲ್ಲದೆ ಹೊಡೆದಿದ್ದರೆ ಅದೊಂದು ಥರ. ನಾನು ಓದಿಯೇ ಇರಲಿಲ್ಲ. ಮೇಜಿನ ಮೇಲೆ ಎರಡು ಕಾಗದ ಇರಬೇಕಾದಲ್ಲಿ ಒಂದೇ ಕಂಡಿದೆ. ಕೈ ಸೀಲಿನ ಕಡೆ ಹೋಗಿದೆ. ಮುಂದಿನವರು ಬನ್ನಿ. ಅಷ್ಟೇ.

ಇನ್ನೊಂದು ವಿಷಯ. ತಪ್ಪು ಮಾಡಿದರೆ ಈ ಆಟದಲ್ಲಿ ಮೂಲೆಯ ಪ್ರಿಂಟರು ಕಟಕಟ ಅಂತ ಒಂದು ಗುಲಾಬಿ ಚೀಟಿ ಉಗುಳುತ್ತದೆ. ನೀವು ಇಂಥ ನಿಯಮ ಮುರಿದಿದ್ದೀರಿ ಅಂತ. ಅವಳನ್ನು ವಾಪಸ್ ಕಳಿಸಿದಾಗ ಪ್ರಿಂಟರು ಸದ್ದು ಮಾಡಲಿಲ್ಲ. ಅಂದರೆ ನಾನು ಮಾಡಿದ್ದು ಸರಿ. ಇವತ್ತು ಹಸಿರು ಸೀಲು ಒತ್ತಿದೆ, ಅವಳು ಒಳಗೆ ಹೋದಳು. ಎರಡು ಸೆಕೆಂಡಿಗೆ ಕಟಕಟ. ಚೀಟಿ ಬಂತು. ದಿನದ ಮೊದಲ ಎರಡು ತಪ್ಪಿಗೆ ದಂಡವಿಲ್ಲ, ಬರೀ ಎಚ್ಚರಿಕೆ. ಒಂದು ಪೈಸೆ ಹೋಗಲಿಲ್ಲ ನನ್ನ ಕೈಯಿಂದ. ಮೊನ್ನೆಯೂ ಹೋಗುತ್ತಿರಲಿಲ್ಲ.

ಇದು ಸಿನಿಮಾ ಆಗಿದ್ದರೆ ನಾನು ಆ ಹೆಂಗಸಿನ ಪರ ಇರುತ್ತಿದ್ದೆ. ಕಿಟಕಿಯ ಹಿಂದೆ ಕೂತ ಅಧಿಕಾರಿಗೆ ಮನಸ್ಸಿನಲ್ಲೇ ಬೈಯುತ್ತಿದ್ದೆ. ನೋಡುವವನಾಗಿ ನಾನು ಯಾವತ್ತೂ ಒಳ್ಳೆಯವನೇ. ಕೂತಲ್ಲಿಂದ ಏಳದೆ ಒಳ್ಳೆಯವನಾಗಲು ಖರ್ಚೇನು? ಇಲ್ಲಿ ಕಿಟಕಿಯ ಹಿಂದೆ ಕೂತವನೇ ನಾನು. ನೀನು ಕೆಟ್ಟವನು ಅಂತ ಆಟ ಎಲ್ಲೂ ಹೇಳಲಿಲ್ಲ. ಬೈದಿದ್ದರೆ ನಾನೂ ಜಗಳ ಆಡುತ್ತಿದ್ದೆ. ಅದು ನನಗೆ ಗಡಿಯಾರ ಕೊಟ್ಟಿತು, ಸಾಲು ಕೊಟ್ಟಿತು, ಮನೆಯ ಬಾಡಿಗೆ ಕೊಟ್ಟಿತು. ಉಳಿದದ್ದನ್ನು ನಾನೇ ಮಾಡಿಕೊಂಡೆ.

ವಾಪಸ್ ಹೋಗಿ ಸರಿ ಮಾಡಿದ್ದರಿಂದ ಸಮಾಧಾನ ಆಯಿತಾ? ಇಲ್ಲ. ಮೊದಲ ಸಲ ಏನು ಮಾಡಿದೆ ಅನ್ನೋದೇ ನಿಜ ಅನ್ನಿಸುತ್ತೆ. ಅಂಡರ್‌ಟೇಲ್ ಅಂತ ಒಂದು ಆಟವಿದೆ, 2015ರದು. ಅದರಲ್ಲಿ ಶುರುವಿಗೇ ಟೊರಿಯೆಲ್ ಎಂಬ ಅಮ್ಮನಂಥ ಪಾತ್ರ. ಆಟದ ರೂಢಿಯಂತೆ ಹೊಡೆದಾಡಿ ಅವಳನ್ನು ಕೊಂದು, ಅಯ್ಯೋ ಅನ್ನಿಸಿ, ಹಳೆಯ ಸೇವ್ (ಆಟವನ್ನು ಮೊದಲು ನಿಲ್ಲಿಸಿಟ್ಟಿದ್ದ ಜಾಗ) ತೆರೆದು, ಈ ಸಲ ಅವಳನ್ನು ಉಳಿಸಿ ಮುಂದೆ ಹೋದರೆ ಒಂದು ಹೂವು ಕಾದಿರುತ್ತದೆ. ನೀನು ಅವಳನ್ನು ಕೊಂದೆ, ಆಮೇಲೆ ಪಶ್ಚಾತ್ತಾಪಪಟ್ಟು ವಾಪಸ್ ಬಂದೆ, ನನಗೆ ಗೊತ್ತು ಅನ್ನುತ್ತದೆ. ಆ ದಿನ ನಾನು ಮೆಷಿನ್ ಆಫ್ ಮಾಡಿ ಎದ್ದು ಹೋಗಿದ್ದೆ. ಈ ಗಡಿಯ ಆಟದಲ್ಲಿ ಹೂವಿಲ್ಲ. ನನಗೆ ತಂಗಿ ಇದ್ದಾಳೆ.

ಎಲ್ಲ ಆಟವೂ ಹೀಗಲ್ಲ ಬಿಡಿ. ದಿನಾ ಬಂದು ಮುಖ ತೋರಿಸಿದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ ಅನ್ನುವ ಆಟಗಳೇ ಜಾಸ್ತಿ. ಅವು ಬಡ್ಡಿ ವಸೂಲಿಗೆ ಬಂದವರ ಹಾಗೆ. ಕಥೆ ಇದೆ ಅಂತ ಹೇಳಿಕೊಳ್ಳುವವುಗಳಲ್ಲೂ ಅರ್ಧಕ್ಕರ್ಧ, ಆಟ ನಿಲ್ಲಿಸಿ ಹತ್ತು ನಿಮಿಷ ಸಿನಿಮಾ ತೋರಿಸುತ್ತವೆ. ಆಗ ಕೈಗೆ ಕೆಲಸವಿಲ್ಲ, ನಾನು ನೀರು ಕುಡಿಯಲು ಏಳುತ್ತೇನೆ. ಅದಕ್ಕಿಂತ ಸಿಟ್ಟು ಬರುವುದು ಒಳ್ಳೆತನಕ್ಕೆ ಅಂಕ ಕೊಡುವ ಆಟಗಳ ಮೇಲೆ. ಭಿಕ್ಷುಕನಿಗೆ ದುಡ್ಡು ಕೊಟ್ಟರೆ ಒಂದು ಗೆರೆ ಮೇಲೇರುತ್ತದೆ, ಒದ್ದರೆ ಇಳಿಯುತ್ತದೆ. ಅಲ್ಲಿ ಯಾರೂ ಕರುಣೆ ತೋರಿಸುವುದಿಲ್ಲ. ಗೆರೆ ನೋಡಿಕೊಂಡು ಆಡುತ್ತಾರೆ, ಅಷ್ಟೇ. ರಾಜರ್ ಈಬರ್ಟ್ ಎಂಬ ದೊಡ್ಡ ಸಿನಿಮಾ ವಿಮರ್ಶಕರು 2010ರಲ್ಲಿ ವಿಡಿಯೋ ಗೇಮ್ ಯಾವತ್ತಿಗೂ ಕಲೆ ಆಗಲಾರದು ಎಂದು ಬರೆದು ಗೇಮ್ ಆಡುವವರಿಂದ ಬೇಕಾದಷ್ಟು ಬೈಸಿಕೊಂಡರು. ನಾನೂ ಬೈದವನೇ. ಈ ಗೆರೆಯ ಆಟಗಳನ್ನು ಕಂಡಾಗ ಅವರ ಕೈ ಕುಲುಕಬೇಕು ಅನ್ನಿಸುತ್ತದೆ.

ಕೈ ಅಂದಾಗ ನೆನಪಾಯಿತು. ತಂಗಿಯೂ ನಾನೂ ಪಕ್ಕಪಕ್ಕ ಕೂತು ಮುಗಿಸಿದ ಒಂದು ಆಟವಿದೆ. ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್. ಇದೂ 2013ರದೇ. ಅಪ್ಪನಿಗೆ ಕಾಯಿಲೆ, ಮದ್ದು ತರಲು ಅಣ್ಣ ತಮ್ಮ ಹೊರಡುತ್ತಾರೆ. ಮಾತು ಇದೆ, ಆದರೆ ಯಾವ ಭಾಷೆಯೂ ಅಲ್ಲ. ಇಬ್ಬರನ್ನೂ ಆಡಿಸುವವರು ಒಬ್ಬರೇ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ಒಬ್ಬೊಬ್ಬರಿಗೂ ಒಂದು ಪುಟ್ಟ ಕಡ್ಡಿ, ಒಂದು ಬಟನ್. ಎಡಗೈ ಹೆಬ್ಬೆರಳಿಗೆ ಅಣ್ಣ, ಬಲಗೈ ಹೆಬ್ಬೆರಳಿಗೆ ತಮ್ಮ. ಮೊದಲ ಅರ್ಧ ಗಂಟೆ ದೊಡ್ಡ ಗೋಳು. ಅಣ್ಣ ಗೋಡೆಗೆ ಹೋಗಿ ಗುದ್ದುತ್ತಾನೆ, ತಮ್ಮ ಸುಮ್ನೆ ಗಿರಗಿರ ತಿರುಗುತ್ತಾನೆ. ಕಂಟ್ರೋಲರ್ ನನ್ನ ಕೈಯಲ್ಲಿ, ನಗು ತಂಗಿಯದು. ಬರಬರುತ್ತಾ ಕೈ ಪಳಗುತ್ತದೆ. ಎರಡು ಹೆಬ್ಬೆರಳೂ ಇಬ್ಬರು ಮನುಷ್ಯರಾಗುತ್ತವೆ.

ತಮ್ಮನಿಗೆ ನೀರೆಂದರೆ ಭಯ. ಅಮ್ಮ ಮುಳುಗಿ ಸತ್ತದ್ದನ್ನು ಕಂಡವನು. ನೀರು ಬಂದಾಗಲೆಲ್ಲ ಅಣ್ಣನ ಬೆನ್ನು ಹಿಡಿದು ದಾಟಬೇಕು. (ಮುಂದೆ ಕಥೆಯ ಕೊನೆ ಹೇಳುತ್ತಿದ್ದೇನೆ. ಆಡುವ ಆಸೆಯಿದ್ದರೆ ಈ ಪ್ಯಾರಾ, ಮುಂದಿನದು ಎರಡನ್ನೂ ಬಿಟ್ಟುಬಿಡಿ.) ಕೊನೆಯ ಹತ್ತಿರ ಅಣ್ಣ ಸಾಯುತ್ತಾನೆ. ತಮ್ಮನ ಕೈಯಿಂದಲೇ, ಅಂದರೆ ನನ್ನ ಬಲಗೈಯಿಂದಲೇ, ಮಣ್ಣು ಮಾಡಿಸುತ್ತಾರೆ. ಅಲ್ಲಿಂದ ಮುಂದೆ ಎಡಗೈ ಹೆಬ್ಬೆರಳಿಗೆ ಕೆಲಸವಿಲ್ಲ. ಅದು ಕಡ್ಡಿಯ ಮೇಲೆ ಸುಮ್ಮನೆ ಕೂತಿರುತ್ತದೆ. ತೆಗೆಯಲೂ ಮನಸ್ಸಾಗುವುದಿಲ್ಲ.

ಊರು ಹತ್ತಿರ ಬಂದಾಗ ನೀರು ಅಡ್ಡ. ತಮ್ಮ ದಡದಲ್ಲಿ ನಿಂತು ಹಿಂಜರಿಯುತ್ತಾನೆ. ಅವನ ಬಟನ್ ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಆಟ ಕೆಟ್ಟಿತೇನೋ ಅಂದುಕೊಂಡೆ. ಆಗ ತಂಗಿ ಮೆಲ್ಲಗೆ "ಅಣ್ಣಂದು ಒತ್ತಿ ನೋಡು" ಅಂದಳು. ಅಣ್ಣ ಎಲ್ಲಿದ್ದಾನೆ ಈಗ? ಆದರೂ ಒತ್ತಿದೆ. ತಮ್ಮ ನೀರಿಗಿಳಿದ. ಈಜಿದ. ಎಡಗೈ ಬೆರಳಿಗೆ ಕಂಟ್ರೋಲರ್ ನಡುಗಿದ್ದು ಗೊತ್ತಾಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇದನ್ನು ಬರೆದು ತೋರಿಸುವುದು ಕಷ್ಟ. ಈಗ ಓದಿಕೊಂಡರೆ ನನಗೇ ಏನೋ ಕಮ್ಮಿಯಾದಂತಿದೆ. ಓದುವವರಿಗೆ ಅದು ಬರೀ ಒಂದು ಬಟನ್. ಮೂರು ಗಂಟೆ ಆ ಬಟನ್ನನ್ನು ಅಣ್ಣ ಅಂತ ಒತ್ತಿದ ಬೆರಳಿಗೆ ಮಾತ್ರ ಅದು ಬೇರೆ.

ಒಂದು ಆಟವನ್ನಂತೂ ಮುಗಿಸಲು ಆಗಲೇ ಇಲ್ಲ. ದಟ್ ಡ್ರ್ಯಾಗನ್, ಕ್ಯಾನ್ಸರ್, 2016ರದು. ಮಗುವನ್ನು ಕ್ಯಾನ್ಸರಿಗೆ ಕಳಕೊಂಡ ತಂದೆತಾಯಿ ಸ್ನೇಹಿತರ ಜೊತೆ ಸೇರಿ ಮಾಡಿದ್ದು. ಒಂದು ಆಸ್ಪತ್ರೆಯ ಕೋಣೆ, ಮಗು ಅಳುತ್ತಿದೆ. ಕ್ಲಿಕ್ ಮಾಡಲು ಅಲ್ಲಿ ಇಲ್ಲಿ ಜಾಗ ಇದೆ. ಯಾವುದನ್ನು ಮುಟ್ಟಿದರೂ ಅಳು ನಿಲ್ಲದು. ಆ ಕೋಣೆಯಲ್ಲೇ ನಾನು ಬಿಟ್ಟು ಬಂದೆ. ಬಿಟ್ಟು ಬರುವ ಅನುಕೂಲ ನನಗಿತ್ತು.

ಸರಿ, ಐದನೇ ದಿನದ ಮಾತಿಗೆ ಬರುತ್ತೇನೆ. ಅದು ಇಷ್ಟು ಚುಚ್ಚಲು ಕಾರಣ ನನಗೆ ಗೊತ್ತು. ನನ್ನ ಕೆಲಸ ವಿಮೆ ಕ್ಲೇಮುಗಳ ಕಾಗದ ನೋಡುವುದು. ಪರದೆಯ ಎಡಗಡೆ ಬೇಕಾದ ದಾಖಲೆಗಳ ಪಟ್ಟಿ, ಬಲಗಡೆ ಕಳಿಸಿದ ದಾಖಲೆಗಳು. ಕೆಳಗೆ ಎರಡು ಬಟನ್. ಒಂದು ಮುಂದಕ್ಕೆ ಕಳಿಸುವುದು, ಇನ್ನೊಂದು "ದಾಖಲೆ ಅಪೂರ್ಣ". ದಿನಕ್ಕೆ ಎಷ್ಟು ಮುಗಿಸಿದೆ ಅನ್ನೋ ಲೆಕ್ಕ ಮೂಲೆಯಲ್ಲಿ ಏರುತ್ತಿರುತ್ತದೆ. ಈ ಕೆಲಸದಲ್ಲಿ ನಾನು ಚುರುಕು ಅಂತ ಹೆಸರಿದೆ. ಆಟದಲ್ಲಿ ಅಷ್ಟು ಬೇಗ ಕೈ ಕೂತದ್ದು ಸುಮ್ಮನೆ ಅಲ್ಲ. ಎಷ್ಟೋ ವರ್ಷದ ಅಭ್ಯಾಸ.

ಶುಕ್ರವಾರ ಸಂಜೆ ಮನೆಗೆ ಹೊರಡುವ ಮೊದಲು ಒಂದನ್ನು ಅಪೂರ್ಣ ಅಂತ ಮುಚ್ಚಿದ್ದೆ. ಪತ್ರ ಸ್ವಲ್ಪ ಉದ್ದ ಇತ್ತು ಅನ್ನೋದಷ್ಟೇ ನೆನಪು. ಬರೆದವರು ಗಂಡಸೋ ಹೆಂಗಸೋ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಈಗ ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆಗೆದು ಅದನ್ನು ಪೂರ್ತಿ ಓದಿದೆ. ಒಂದೂವರೆ ಪುಟ. ಏನು ಬರೆದಿತ್ತು ಅಂತ ಇಲ್ಲಿ ಹಾಕುವಂತಿಲ್ಲ. ನಾನು ಕೇಳಿದ್ದ ಕಾಗದ ಅದರಲ್ಲಿ ನಿಜವಾಗಿಯೂ ಇರಲಿಲ್ಲ, ಆ ಮಟ್ಟಿಗೆ ನಾನು ಸರಿ. ಚೀಟಿ ಬರುತ್ತಿರಲಿಲ್ಲ. ಆದರೆ ಆ ಕಾಗದ ಯಾಕೆ ಸಿಗಲಿಲ್ಲ ಅನ್ನೋದನ್ನು ಎರಡನೇ ಪುಟದಲ್ಲಿ ಬರೆದಿದ್ದರು. ಅದರ ಬದಲಿಗೆ ಇನ್ನೊಂದು ಕಾಗದ ಕೊಟ್ಟರೂ ನಡೆಯುತ್ತದೆ. ಅದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ನಾಳೆ ಒಂಬತ್ತೂವರೆಗೆ ಮೊದಲು ಅವರಿಗೆ ಫೋನ್ ಮಾಡಬೇಕು. ನಂಬರ್ ಪತ್ರದ ಕೊನೆಯ ಸಾಲಿನಲ್ಲಿದೆ. ಎರಡು ಸಲ ಬರೆದಿದ್ದಾರೆ, ಒಂದು ಅಂಕಿಯಲ್ಲಿ, ಇನ್ನೊಂದು ಅಕ್ಷರದಲ್ಲಿ.