ಮಂದಿ ನೋಡ್ತಾರ

"ಅವ್ವಾ, ಅದು ಭಾರ ಐತಿ ಅಂತ ನಿನಗ ಹೆಂಗ ಗೊತ್ತು?"

ಒಂಬತ್ತು ವರ್ಷದ ಮಗಳು ಕೇಳಿದ್ದು ಇಷ್ಟೇ. ಅಮೆರಿಕದ ಆಲ್ಬನಿಯಲ್ಲಿ, ಎಂವಿಪಿ ಅರೀನಾ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಕೂತಿದ್ದೆವು. ಕೆಳಗೆ ಹೆಣ್ಣುಮಕ್ಕಳು ಸಾಲಾಗಿ ನಿಂತು ಬಾರ್‌ಬೆಲ್ ಎತ್ತುತ್ತಿದ್ದರು. ನೆಲದಿಂದ ತಲೆ ಮೇಲಕ್ಕೆ ಒಂದೇ ಎಳೆತ. ಮೇಲಿಂದ ಬಿಟ್ಟಾಗ ರಬ್ಬರಿನ ತಟ್ಟೆಗಳು ದಡ್ ಎಂದು ಬಿದ್ದು ಪುಟಿಯುತ್ತಿದ್ದವು. ನಾನು "ಅಬ್ಬಾ, ಎಷ್ಟು ಭಾರ!" ಎಂದಿದ್ದೆ. ಅದಕ್ಕೆ ಬಂದ ಪ್ರಶ್ನೆ ಅದು. ಅವಳ ಕಣ್ಣಿಗೆ ಅವರೆಲ್ಲ ಅದನ್ನು ಹೂವಿನ ಹಾಗೆ ಎತ್ತುತ್ತಿದ್ದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

2025ರ ಆಗಸ್ಟ್ 1ರಿಂದ 3ರವರೆಗೆ ಕ್ರಾಸ್‌ಫಿಟ್ ಗೇಮ್ಸ್ ನಾವೀಗಿರುವ ಈ ಊರಿಗೇ ಬಂದಿತ್ತು. ಭಾರ ಎತ್ತುವುದು, ಓಟ, ಈಜು ಎಲ್ಲ ಕೂಡಿಸಿ ಕಸುವು ಅಳೆಯುವ ಪೈಪೋಟಿ ಅದು. ಟಿಕೆಟ್ ಕೊಟ್ಟು ಕರೆದುಕೊಂಡು ಹೋದವರು ಪಕ್ಕದ ಮನೆಯಾಕೆ. ಐವತ್ತು ದಾಟಿದ್ದಾರೆ, ಸ್ಕೂಲ್ ಬಸ್ ಓಡಿಸುತ್ತಾರೆ. ಬೆಳಗಿನ ಐದಕ್ಕೆ ಜಿಮ್ಮಿಗೆ ಹೋಗಿ ಬಂದೇ ಬಸ್ ಹತ್ತುವುದು. ಅವರ ಕೈ ಕುಲುಕಿದರೆ ಅಂಗೈಯ ಜಡ್ಡು ತಾಗುತ್ತದೆ. ನಮ್ಮೂರಲ್ಲಿ ಗುದ್ದಲಿ ಹಿಡಿದವರ ಕೈ ಹಾಗೇ ಇರುತ್ತಿತ್ತು.

ಆಟ ನಡೆಯುವಾಗಲೇ ಅವರು ಮಗಳಿಗೆ ಒಂದೊಂದಾಗಿ ಹೇಳಿಕೊಡುತ್ತಿದ್ದರು. ಒಂದು ಸುತ್ತು ಮುಗಿಸಿದವರು ತಮ್ಮ ಸಾಲಿನಲ್ಲಿ ಮುಂದಕ್ಕೆ ಸರಿಯುತ್ತಾರೆ, ಹಾಗಾಗಿ ಯಾರು ಮುಂದಿದ್ದಾರೆ ಅಂತ ದೂರದಿಂದಲೇ ಕಾಣುತ್ತದೆ. ಮೊಣಕೈ ಪೂರ್ತಿ ನೆಟ್ಟಗಾಗದಿದ್ದರೆ ಪಕ್ಕದಲ್ಲಿ ನಿಂತ ತೀರ್ಪುಗಾರರು 'ನೋ ರೆಪ್' ಅನ್ನುತ್ತಾರೆ, ಆ ಸಲದ್ದು ಲೆಕ್ಕಕ್ಕಿಲ್ಲ. ಈ ಆಟ ಮೊದಲು ನಡೆದದ್ದು 2007ರಲ್ಲಿ, ಕ್ಯಾಲಿಫೋರ್ನಿಯಾದ ಅರೋಮಾಸ್ ಎಂಬಲ್ಲಿ ಒಂದು ದನದ ಫಾರ್ಮಿನ ಬಯಲಲ್ಲಿ. ಗೆದ್ದವರಿಗೆ ಸಿಕ್ಕಿದ್ದು 500 ಡಾಲರ್. ನಾಲ್ಕೇ ವರ್ಷದಲ್ಲಿ, 2011ಕ್ಕೆ, ಮೊದಲ ಬಹುಮಾನ ಎರಡೂವರೆ ಲಕ್ಷ ಡಾಲರ್ ಆಯಿತು. ಗಂಡಸರಿಗೆ ಎಷ್ಟೋ ಹೆಂಗಸರಿಗೂ ಅಷ್ಟೇ. ಇದನ್ನು ಅವರು ಎರಡು ಸಲ ಹೇಳಿದರು.

ಅವರ ಗ್ಯಾರೇಜಿನಲ್ಲಿ ಬಣ್ಣ ಮಾಸಿದ ಒಂದು ಟೀ ಶರ್ಟ್ ಮೊಳೆಗೆ ನೇತಾಡುತ್ತದೆ. 'ನ್ಯೂಯಾರ್ಕ್ ರೈನೋಸ್'. ಯಾವುದೋ ಫುಟ್‌ಬಾಲ್ ತಂಡ ಅಂದುಕೊಂಡಿದ್ದೆ. ಅಲ್ಲವಂತೆ. 2014ರಲ್ಲಿ ಎಂಟು ಊರಿನ ಎಂಟು ತಂಡ ಕಟ್ಟಿ ಗ್ರಿಡ್ ಲೀಗ್ ಅಂತ ಶುರು ಮಾಡಿದ್ದರು. ಇದೇ ಭಾರ ಎತ್ತುವುದು, ಬಾರಿಗೆ ಜೋತು ಮೈ ಮೇಲೆಳೆಯುವುದು. ಆದರೆ ಟೀವಿಯಲ್ಲಿ ಕೂತು ನೋಡುವವರಿಗೆ ಅಂತಲೇ ಮಾಡಿದ ಆಟ. ಎರಡು ಗಂಟೆಯಲ್ಲಿ 11 ರೇಸ್. ಗಂಡಸರು ಹೆಂಗಸರು ಒಂದೇ ತಂಡದಲ್ಲಿ, ಸುಸ್ತಾದವರನ್ನು ನಡುವೆಯೇ ಬದಲಿಸಬಹುದು, ನಲವತ್ತು ದಾಟಿದ ಒಬ್ಬ ಗಂಡಸು, ಒಬ್ಬ ಹೆಂಗಸು ತಂಡದಲ್ಲಿ ಇರಲೇಬೇಕು. ಆ ಕೊನೆಯ ನಿಯಮ ಕೇಳಿಯೇ ಅವರು ಶರ್ಟ್ ಕೊಂಡರಂತೆ. ಕೆಲವೇ ವರ್ಷದಲ್ಲಿ ಆ ಲೀಗ್ ನಿಂತುಹೋಯಿತು.

ಅದೇ 2014ರಲ್ಲಿ ನಮ್ಮಲ್ಲಿ ಪ್ರೊ ಕಬಡ್ಡಿ ಶುರುವಾಯಿತು ಅಲ್ವಾ? ಅಲ್ಲೂ ಎಂಟೇ ತಂಡ. ಅದು ಮನೆಮನೆ ಹೊಕ್ಕಿತು, ಇವತ್ತಿಗೂ ಇದೆ. ಯಾಕೆ ಅಂತ ಆ ದಿನ ಅರೀನಾದಲ್ಲಿ ಕೂತು ಬಹಳ ಹೊತ್ತು ಯೋಚಿಸಿದೆ. ಕಬಡ್ಡಿ ನೋಡುವ ನಮ್ಮವರೆಲ್ಲ ಶಾಲೆಯ ಬಯಲಲ್ಲಿ ಒಮ್ಮೆಯಾದರೂ ಮೊಣಕಾಲು ತರಚಿಕೊಂಡವರೇ. ಗೆರೆ ಮುಟ್ಟುವ ಮುಂಚೆ ಕಾಲು ಹಿಡಿದು ಎಳೆದರೆ ಹೇಗಿರುತ್ತದೆ ಅಂತ ಅವರ ಮೈಗೆ ಗೊತ್ತು. ಇಲ್ಲಿಯೂ ಹಾಗೇ. ಸುತ್ತ ಕೂತು ಕೂಗುತ್ತಿದ್ದವರಲ್ಲಿ ಜಾಸ್ತಿ ಜನ ಆ ಬಾರನ್ನು ತಾವೇ ಎತ್ತಿದವರು. 2018ರಲ್ಲಿ ಕ್ರಾಸ್‌ಫಿಟ್ ಗೇಮ್ಸಿನ ಆನ್‌ಲೈನ್ ಅರ್ಹತಾ ಸುತ್ತಿಗೆ 4 ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರಂತೆ. ಅವರೆಲ್ಲ ಆಡುವವರು, ಅವರೇ ನೋಡುವವರು. ಬಾರ್ ಮುಟ್ಟದ ನನ್ನ ಮಗಳಿಗೆ ಮಾತ್ರ ಭಾರ ಕಾಣುತ್ತಿರಲಿಲ್ಲ. ಗ್ರಿಡ್ ಲೀಗ್ ನೋಡಲು ಟೀವಿಯ ಮುಂದೆ ಕೂತವರಿಗೂ ಇದೇ ಆಗಿರಬೇಕು.

ನನಗೆ ಹೇಗೆ ಗೊತ್ತಿತ್ತು?

ನಮ್ಮೂರು ಜಮಖಂಡಿ ಸೀಮೆ. ಹನುಮಪ್ಪನ ಗುಡಿ ಮುಂದೆ ಸಂಗ್ರಾಣಿ ಕಲ್ಲು ಇತ್ತು. ಕಪ್ಪು ಕಲ್ಲು, ಕುಂಬಳಕಾಯಿಯ ಹಾಗೆ ದುಂಡಗೆ, ಹಿಡಿಯಲು ಎಲ್ಲೂ ಆಸರೆ ಇಲ್ಲ. ಜಾತ್ರೆಯಲ್ಲಿ ಗಂಡಸರು ಅಂಗೈಗೆ ಮಣ್ಣು ಸವರಿಕೊಂಡು ಅದನ್ನು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಹಿಂದಕ್ಕೆ ಒಗೆಯುತ್ತಿದ್ದರು. ಗೆದ್ದವರಿಗೆ ರುಮಾಲು, ಬೆಳ್ಳಿ ಖಡೆ. ಕಲ್ಲು ಎದೆಗೆ ಬಂದು ನಿಂತಾಗ ಇಡೀ ಜಾತ್ರೆ ಉಸಿರು ಹಿಡಿಯುತ್ತಿತ್ತು. ಅಲ್ಲಿದ್ದವರೆಲ್ಲ ಜೋಳದ ಕ್ವಿಂಟಲ್ ಚೀಲಕ್ಕೆ ಹೆಗಲು ಕೊಟ್ಟವರು. ನಾವು ಹುಡುಗಿಯರು ಹಿಂದೆ, ಕಟ್ಟೆಯ ಮೇಲೆ. ಹೆಣ್ಣುಮಕ್ಕಳು ಆ ಕಲ್ಲನ್ನು ಮುಟ್ಟುವ ಮಾತೇ ಇರಲಿಲ್ಲ. ಎರಡು ಕೊಡ ಹೊತ್ತು ಬಾವಿಯ ಮೆಟ್ಟಿಲು ಹತ್ತುತ್ತಿದ್ದ ನಮ್ಮ ಅವ್ವನ ಕಸುವನ್ನು ಯಾರೂ ನಿಂತು ನೋಡಲಿಲ್ಲ.

ನನಗೆ ಹನ್ನೆರಡು ವರ್ಷ ಇರಬೇಕು. ಜಾತ್ರೆ ಮುಗಿದ ಮರುದಿನ, ಮಟಮಟ ಮಧ್ಯಾಹ್ನ, ಗುಡಿ ಮುಂದೆ ಯಾರೂ ಇರಲಿಲ್ಲ. ಕಲ್ಲಿಗೆ ಎರಡೂ ಕೈ ಹಾಕಿ ಜಗ್ಗಿದೆ. ಬಿಸಿಲಿಗೆ ಕಾದು ಸುಡುತ್ತಿತ್ತು. ಉಗುರು ಸೀಳಿತೇ ಹೊರತು ಅದು ಅಲುಗಲಿಲ್ಲ. ತಲೆ ಎತ್ತಿದರೆ ಅಜ್ಜ ನಿಂತಿದ್ದಾರೆ. ಬೈಗುಳ ಬೀಳುತ್ತದೆ ಅಂದುಕೊಂಡೆ. ಅವರು ಕುಕ್ಕರುಗಾಲಲ್ಲಿ ಕೂತು ಕಲ್ಲಿನ ಕೆಳಗೆ ಕೈ ಇಟ್ಟು ತೋರಿಸಿದರು.

"ಹಂಗ ಜಗ್ಗಿದ್ರ ಬರೂದಿಲ್ಲವ್ವಾ. ಮೊದಲ ಎದಿಗೆ ಅಪ್ಪಿಕೋ. ಆಮ್ಯಾಲ ಕಾಲಿಂದ ಏಳು."

ನಾನು ಕಲ್ಲನ್ನು ಅಪ್ಪಿಕೊಂಡೆ. ಇನ್ನೇನು ಏಳಬೇಕು, ಅಷ್ಟರಲ್ಲಿ ಓಣಿಯ ಕಡೆ ಯಾರದೋ ದನಿ ಕೇಳಿತು. ಅಜ್ಜ ಗಡಬಡಿಸಿ ಎದ್ದರು. "ಸಾಕು, ಮನಿಗೆ ನಡಿ. ಮಂದಿ ನೋಡ್ತಾರ."

ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಕಲಿಸಲು ಕೂತವರೂ ಅವರೇ. ಆದರೆ ಅದೇ ಊರಲ್ಲಿ ಮಂದಿ ನೋಡಲಿ ಅಂತಲೇ ಗಂಡಸರು ಎತ್ತುತ್ತಿದ್ದರು. ಮಂದಿ ನೋಡ್ತಾರ ಅಂತಲೇ ನಾನು ಬಿಟ್ಟು ಬರಬೇಕಾಯಿತು. ಅದು ಇವತ್ತಿಗೂ ನೋಯುತ್ತದೆ.

ಅರೀನಾದಲ್ಲಿ ಕೊನೆಯ ದಿನ ಆಸ್ಟ್ರೇಲಿಯಾದ ಟಿಯಾ-ಕ್ಲೇರ್ ಟೂಮಿ ಎಂಟನೇ ಸಲ ಗೆದ್ದರು. 2023ರಲ್ಲಿ ಮಗಳನ್ನು ಹೆತ್ತು, ಮರುವರ್ಷವೇ ಬಂದು ಗೆದ್ದವರು. ಪಕ್ಕದ ಮನೆಯಾಕೆ ಎದ್ದು ನಿಂತು ಕೂಗಿದರು. ಆಮೇಲೆ ಸುಮ್ನೆ ಕೂತುಬಿಟ್ಟರು. ಹಿಂದಿನ ವರ್ಷದ್ದು ನೆನಪಾಯಿತಂತೆ. 2024ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ, ಮೊದಲ ದಿನವೇ, ಕೆರೆಯಲ್ಲಿ ಈಜುವಾಗ ಸರ್ಬಿಯಾದ ಲಾಜರ್ ಜೂಕಿಚ್ ಮುಳುಗಿ ತೀರಿಕೊಂಡರು. 28 ವರ್ಷ. ದಂಡೆಯ ಮೇಲೆ ಜನ, ಕ್ಯಾಮೆರಾ, ಎಲ್ಲ ಇತ್ತು. ಆಟ ಮುಂದುವರಿಯಿತು. ಇವರು ಮಾತ್ರ ಆ ಸಲ ಟೀವಿ ಹಾಕಲಿಲ್ಲ. ದುಡ್ಡು ಕೊಟ್ಟು ನೋಡುವ ಆಟ ಮಾಡಿದ ಮೇಲೆ, ಆಡುವವರ ಮೇಲೆ ಕಣ್ಣಿಡುವುದು ಮೊದಲ ಕೆಲಸ ಆಗಬೇಕಿತ್ತು ಅಂದರು. ನನಗೂ ಹಾಗೇ ಅನ್ನಿಸಿತು.

ಮರು ಶನಿವಾರ ಅವರ ಗ್ಯಾರೇಜಿಗೆ ಮಗಳನ್ನು ಕರೆದುಕೊಂಡು ಹೋದೆ. ಮೂಲೆಯಲ್ಲಿ ಮರಳಿನ ಚೀಲಗಳಿದ್ದವು. ಎಲ್ಲಕ್ಕಿಂತ ಸಣ್ಣದನ್ನು ಅವರು ಮುಂದಕ್ಕೆ ಸರಿಸಿದರು. ಮಗಳು ಚೀಲದ ಕಿವಿ ಹಿಡಿದು ಜಗ್ಗಿದಳು. ಬರಲಿಲ್ಲ. ಮುಖ ಕೆಂಪಾಯಿತು. ಆಗ ನನ್ನ ಬಾಯಲ್ಲಿ ಅಜ್ಜನ ಮಾತೇ ಬಂತು: "ಹಂಗ ಬರೂದಿಲ್ಲ. ಮೊದಲ ಎದಿಗೆ ಅಪ್ಪಿಕೋ."

ಅವಳು ಕೂತಳು. ಚೀಲವನ್ನು ತಬ್ಬಿ ಗಲ್ಲ ಅದಕ್ಕೆ ಒತ್ತಿದಳು. ಕಾಲು ನಡುಗಿದವು. ಚೀಲ ನೆಲ ಬಿಟ್ಟಿತು. ಒಂದು ಗೇಣು ಇರಬಹುದು.

"ಅವ್ವಾ, ಭಾರ ಐತಿ!" ಎಂದು ಕೂಗಿದಳು. ಚೀಲ ಕೆಳಗಿಡಲಿಲ್ಲ. ಕತ್ತು ಮಾತ್ರ ನನ್ನ ಕಡೆ ಹೊರಳಿಸಿದಳು. "ನೋಡಾಕತ್ತೀಯೇನು?"