ಬಾತ್‌ನಲ್ಲಿ ಅಮ್ಮನ ಜೊತೆ ಒಂದು ದಿನ

ಇಂಗ್ಲೆಂಡಿನ ಬಾತ್ ಊರಿಗೆ ಹೋಗೋಣ ಅಂದಾಗ ಅಮ್ಮ ಮೊದಲು ಕೇಳಿದ್ದು, "ಅಲ್ಲಿ ಮೀಯಲಿಕ್ಕೆ ಬಿಡ್ತಾರನೋ?" ಬಿಡುವುದಿಲ್ಲ. ರೋಮನ್ನರು ಕಟ್ಟಿದ ಬಿಸಿನೀರಿನ ಕೊಳದಲ್ಲಿ ಮೀಯುವುದಿರಲಿ, ಕೈ ಅದ್ದುವುದೂ ಬೇಡ ಅಂತ ಬೋರ್ಡು ಹಾಕಿದ್ದಾರೆ. 1978ರಲ್ಲಿ ಈ ಊರಿನ ಬಿಸಿನೀರಿನಲ್ಲಿ ಈಜಿದ ಹುಡುಗಿಯೊಬ್ಬಳು ಅಮೀಬಾ ಸೋಂಕು ತಗುಲಿ ತೀರಿಕೊಂಡಳು. ಅಲ್ಲಿಗೆ ಹಳೆಯ ಸ್ನಾನದ ಕೊಳಗಳನ್ನು ಮುಚ್ಚಿದರು. ಮೀಯಲೇಬೇಕು ಅನ್ನುವವರಿಗೆ 2006ರಲ್ಲಿ ತೆರೆದ ಹೊಸ ಸ್ಪಾ ಇದೆ. ಅದರ ದರ ಹೇಳಿದ ಮೇಲೆ ಅಮ್ಮ ಆ ಮಾತು ಬಿಟ್ಟಳು.

ಕಾರನ್ನು ಊರ ಹೊರಗಿನ ಲ್ಯಾನ್ಸ್‌ಡೌನ್‌ನಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಊರಿಗೆ ಇಳಿದೆವು. ಒಳಗೆ ಕಾರು ತೆಗೆದುಕೊಂಡು ಹೋಗುವ ಸಾಹಸ ಯಾರಿಗೂ ಬೇಡ. ಬೆಳಗಿನ ಚಳಿಗೆ ದೊಡ್ಡ ಕೊಳದ ಮೇಲೆ ಹಬೆ ದಟ್ಟವಾಗಿ ಎದ್ದಿತ್ತು. ನೀರು ಹಸಿರು. ರೋಮನ್ನರ ಕಾಲದಲ್ಲಿ ಮೇಲೆ ಚಾವಣಿ ಇತ್ತು. ಈಗ ಬಿಸಿಲು ಬಿದ್ದು ಪಾಚಿ ಬೆಳೆಯುತ್ತದೆ. ಇನ್ನೊಂದು ಮಾತು: ಫೋಟೊಗಳಲ್ಲಿ ರೋಮನ್ ಅಂತ ಕಾಣುವ ಮೇಲಿನ ಪ್ರತಿಮೆಗಳೆಲ್ಲ ವಿಕ್ಟೋರಿಯಾ ರಾಣಿ ಕಾಲದವು. ಅಸಲಿ ರೋಮನ್ ಕೆಲಸ ನೋಡಬೇಕಿದ್ದರೆ ಕಂಬಗಳ ಬುಡ ನೋಡಬೇಕು, ಕೊಳದ ತಳಕ್ಕೆ ಹಾಸಿದ ಸೀಸದ ತಗಡು ನೋಡಬೇಕು.

ಅಮ್ಮ ಹೆಚ್ಚು ಹೊತ್ತು ನಿಂತದ್ದು ನೀರು ಹೊರಬೀಳುವ ಕಲ್ಲಿನ ಕಾಲುವೆಯ ಹತ್ತಿರ. ಕಬ್ಬಿಣದ ಅಂಶ ಹಿಡಿದು ಕಲ್ಲೆಲ್ಲ ಕಿತ್ತಳೆ ಬಣ್ಣವಾಗಿದೆ. ಎಂದೋ ಬಿದ್ದ ಮಳೆ ನೆಲದಾಳಕ್ಕಿಳಿದು, ಕಾದು, 46 ಡಿಗ್ರಿಯಲ್ಲಿ ಮೇಲೇಳುತ್ತದೆ. ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು. "ಒಲೆ ಹಚ್ಚುವ ಖರ್ಚಿಲ್ಲ," ಅಂದಳು.

ಒಳಗಿನ ಸಂಗ್ರಹಾಲಯದಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಒರತೆಯ ದೇವತೆ ಸುಲಿಸ್. ರೋಮನ್ನರು ಅವಳನ್ನು ತಮ್ಮ ಮಿನರ್ವಾ ಜೊತೆ ಸೇರಿಸಿ ಸುಲಿಸ್ ಮಿನರ್ವಾ ಅಂದರು. ಭಕ್ತರು ಅವಳಿಗೆ ಬರೆದ ದೂರುಗಳು ಸೀಸ ಮತ್ತು ತವರದ ಪುಟ್ಟ ತಗಡುಗಳ ಮೇಲಿವೆ. ಗೀಚಿ, ಸುರುಳಿ ಸುತ್ತಿ, ಒರತೆಗೆ ಎಸೆಯುತ್ತಿದ್ದರಂತೆ. ಸುಮಾರು 130 ಸಿಕ್ಕಿವೆ. ಹೆಚ್ಚಿನವು ಕಳ್ಳತನದ ದೂರುಗಳೇ. ಡೊಕಿಮೆಡಿಸ್ ಅನ್ನುವವನ ಎರಡು ಕೈಗವಸು ಹೋಗಿವೆ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಅಂತ ಬೇಡಿದ್ದಾನೆ. ಇನ್ನೊಬ್ಬ ತನ್ನ ಸ್ನಾನದ ಅಂಗಿ, ಮೇಲಂಗಿ ಕಳೆದುಕೊಂಡವನು. ಕದ್ದವರು ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಒಡೆಯನಾಗಲಿ, ಮಾಲನ್ನು ನಿನ್ನ ಗುಡಿಗೆ ತಂದೊಪ್ಪಿಸುವ ತನಕ ನಿದ್ದೆ ಬರದಿರಲಿ ಅಂತ ಅವನ ಕೋರಿಕೆ. ವಕೀಲರ ನೋಟಿಸಿನಂತೆ ಯಾವ ಕಿಂಡಿಯನ್ನೂ ಬಿಟ್ಟಿಲ್ಲ. ಅನುಮಾನ ಇದ್ದವರ ಹೆಸರಿನ ಪಟ್ಟಿ ಕೊಟ್ಟವರೂ ಇದ್ದಾರೆ.

ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತ ಹೋದೆ. ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮ ಸಿಗಂದೂರಮ್ಮನ ಲೆಕ್ಕವೇ ಅಲ್ಲವನೋ ಇದು?" ಸಾಗರದ ಕಡೆ ಬೆಳೆದವರಿಗೆ ಗೊತ್ತು, ಅಡಿಕೆ ತೋಟದ ಬೇಲಿ ಮೇಲೆ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಅನ್ನುವ ಬೋರ್ಡು. ಪೊಲೀಸರಿಗೆ ಹೆದರದವನೂ ಅದನ್ನು ಕಂಡರೆ ಗೊನೆ ಮುಟ್ಟಲು ಹಿಂದೆಮುಂದೆ ನೋಡುತ್ತಾನೆ. ವ್ಯತ್ಯಾಸ ಒಂದೇ: ನಮ್ಮಲ್ಲಿ ಕಳವಿಗೆ ಮುಂಚೆ ದೇವಿ, ಇಲ್ಲಿ ಕಳವಾದ ಮೇಲೆ. ಅಮ್ಮನ ಪ್ರಕಾರ ನಮ್ಮದೇ ಜಾಣತನದ ಏರ್ಪಾಡು.

ಹೊರಬರುವ ದಾರಿಯಲ್ಲಿ ಒರತೆಯ ನೀರು ಕುಡಿಯಲು ಕೊಡುತ್ತಾರೆ, ಶುದ್ಧ ಮಾಡಿದ್ದು. ಅಮ್ಮ ತೀರ್ಥದ ಹಾಗೆ ಅಂಗೈಯಲ್ಲಿ ತೆಗೆದುಕೊಂಡು, ಒಂದು ಗುಟುಕು ಕುಡಿದು, ಮುಖ ಕಿವುಚಿದಳು. ಬೆಚ್ಚಗೆ, ಕಬ್ಬಿಣದ ರುಚಿ.

ರಾಯಲ್ ಕ್ರೆಸೆಂಟ್ ಕಡೆ ಒಂದು ಸುತ್ತು ಹಾಕಿದೆವು: 30 ಮನೆ, ಅರ್ಧಚಂದ್ರಾಕಾರ, ಜೇನುಬಣ್ಣದ ಕಲ್ಲು. ಚೆಂದ ಇದೆ, ಆದರೆ ಹತ್ತು ನಿಮಿಷಕ್ಕೆ ಸಾಕಾಗುವ ಚೆಂದ.

ಮಧ್ಯಾಹ್ನ ಲೇಕಾಕ್ ಹಳ್ಳಿ. ಹೆಚ್ಚುಕಡಿಮೆ ಊರಿಗೆ ಊರೇ 1944ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ, ಜನ ಬಾಡಿಗೆಗಿದ್ದಾರೆ. ಬೀದಿಯಲ್ಲಿ ಕರೆಂಟ್ ತಂತಿ ಕಾಣುವುದಿಲ್ಲ, ಹಾಗಾಗಿ ಹಳೆಗಾಲದ ಸಿನಿಮಾದವರಿಗೆ ಪ್ರಿಯ. ಹಳೆಯ ಮಠದ ಪ್ರಾಕಾರದಲ್ಲಿ ಹ್ಯಾರಿ ಪಾಟರ್ ಚಿತ್ರೀಕರಣವಾದ ಜಾಗಕ್ಕೆ ಮಕ್ಕಳ ಹಿಂಡು. ಮೇಲಂತಸ್ತಿನ ಒಂದು ಕಿಟಕಿಯ ಮುಂದೆ ಮಾತ್ರ ನಾವಿಬ್ಬರೇ. 1835ರಲ್ಲಿ, ಫೋಟೊ ತೆಗೆಯುವ ವಿದ್ಯೆಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಫಾಕ್ಸ್ ಟಾಲ್ಬಟ್ ಈ ಕಿಟಕಿಯ ಚಿತ್ರ ಹಿಡಿದ. ಇವತ್ತಿಗೂ ಉಳಿದಿರುವ ಫೋಟೊ ನೆಗೆಟಿವ್‌ಗಳಲ್ಲಿ ಅತಿ ಹಳೆಯದು ಅದೇ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ಅಮ್ಮ ಮೊಬೈಲ್ ತೆಗೆದು ಅದೇ ಕಿಟಕಿಯನ್ನು ಹಿಡಿದು ಸಾಗರಕ್ಕೆ ವಾಟ್ಸ್ಯಾಪ್ ಮಾಡಿದಳು. "ಯಾರ ಮನೆ ಕಿಟಕಿ?" ಅಂತ ಚಿಕ್ಕಮ್ಮನ ಉತ್ತರ ಬಂತು.

ಕೊನೆಗೆ ಕಾಸಲ್ ಕೂಂ. ಹೊಳೆ, ಸಂಕ, ಇಳಿಜಾರು ಬೀದಿ, ಅಷ್ಟೇ ಊರು. ಒಂದು ಮನೆಯ ಮುಂದೆ ಮೇಜಿನ ಮೇಲೆ ಕೇಕುಗಳಿಟ್ಟು, ಪಕ್ಕದಲ್ಲಿ ದುಡ್ಡು ಹಾಕಲು ಡಬ್ಬಿ ಇಟ್ಟಿದ್ದರು. ಮಾರುವವರು ಯಾರೂ ಇಲ್ಲ. ಅಮ್ಮ ಆಚೀಚೆ ನೋಡಿದಳು, ಬೋರ್ಡಿದೆಯಾ ಅಂತ. ದರದ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಹತ್ತಿರ ಚಿಲ್ಲರೆ ಇಲ್ಲದೆ ಐದು ಪೌಂಡಿನ ನೋಟು ಹಾಕಿದೆ. ಉಳಿದದ್ದನ್ನು ಬಿಟ್ಟು ಹೋಗಲು ಅಮ್ಮ ಒಪ್ಪಲಿಲ್ಲ. ಲೆಕ್ಕ ಹಾಕಿ ಇನ್ನೊಂದು ಕೇಕ್ ಎತ್ತಿಕೊಂಡಳು.