ವೆದರ್‌ಫರ್ಡ್ ಯಾರ ಕಡೆಯವನು?

30 ಆಗಸ್ಟ್ 2025, ಶನಿವಾರ

1813ರಲ್ಲಿ ಇದೇ ದಿನ ಮಧ್ಯಾಹ್ನ, ಅಮೆರಿಕದ ಈಗಿನ ಅಲಬಾಮಾದಲ್ಲಿ, ಸುತ್ತಲಿನ ಜನ ಆಸರೆ ಪಡೆದಿದ್ದ ಫೋರ್ಟ್ ಮಿಮ್ಸ್ ಕೋಟೆಯಲ್ಲಿ ಊಟಕ್ಕೆ ಕರೆಯುವ ನಗಾರಿ ಬಾರಿಸಿದರು. ಹೊರಗೆ ಅಡಗಿ ಕೂತಿದ್ದ ಕ್ರೀಕ್ ಎಂಬ ಅಮೆರಿಕದ ಮೂಲನಿವಾಸಿ ('ಇಂಡಿಯನ್') ಜನಾಂಗದ ಯೋಧರಿಗೆ ಅದೇ ಸನ್ನೆಯಾಯಿತು. ಯೋಧರನ್ನು ಮೊದಲೇ ಕಂಡು ಓಡಿಬಂದು ಹೇಳಿದ ಗುಲಾಮನಿಗೆ, ಸುಳ್ಳು ಹೇಳುತ್ತಾನೆಂದು ಚಾಟಿಯೇಟು ಬಿದ್ದಿತ್ತು. ಕೋಟೆಯ ಬಾಗಿಲು ಮರಳಿನಲ್ಲಿ ಹೂತುಕೊಂಡು ಮುಚ್ಚಲೇ ಇಲ್ಲ. ಸಂಜೆಯೊಳಗೆ 250ರ ಆಸುಪಾಸು ಜನ ಸತ್ತರು, ಹೆಂಗಸರು ಮಕ್ಕಳೆನ್ನದೆ.

ದಾಳಿಯ ಮುಂದಾಳುಗಳಲ್ಲಿ ಒಬ್ಬ ವಿಲಿಯಂ ವೆದರ್‌ಫರ್ಡ್. ಅಪ್ಪ ಬಿಳಿಯ ವ್ಯಾಪಾರಿ. ಅಮ್ಮ ಸಿಹೋಯ್, ಕ್ರೀಕರಲ್ಲಿ ದೊಡ್ಡ ಹೆಸರಿದ್ದ ಗಾಳಿ ಕುಲದವಳು. ಇವತ್ತು ಓದಿದ್ದರಲ್ಲೆಲ್ಲ ಅವನನ್ನು 'ಅರೆ ಬಿಳಿಯ, ಅರೆ ಇಂಡಿಯನ್' ಎಂದು ಪಾಲು ಮಾಡಿ ತೂಗಿದ್ದಾರೆ. ಆ ತಕ್ಕಡಿ ಬಿಳಿಯರದ್ದು. ಕ್ರೀಕರಲ್ಲಿ ಕುಲ ಬರುವುದು ತಾಯಿಯಿಂದ. ಅಳಿಯಸಂತಾನ ಕಂಡ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರೀಕರ ಲೆಕ್ಕದಲ್ಲಿ ಅವನು ಪೂರಾ ಕ್ರೀಕ್. 1790ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಧ್ಯಕ್ಷ ವಾಷಿಂಗ್ಟನ್ನನ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡ ಕ್ರೀಕ್ ಮುಖಂಡ ಅಲೆಕ್ಸಾಂಡರ್ ಮೆಗಿಲಿವ್ರೆ ಇವನ ಸೋದರಮಾವ.

ನನ್ನನ್ನು ಕಾಡಿದ್ದು ಬೇರೆ. ಕೋಟೆಯ ಒಳಗಿದ್ದವರಲ್ಲೂ ಇವನಂಥವರೇ ತುಂಬಾ. ಒಳಗಿನಿಂದ ಕೊನೆತನಕ ಕಾದಾಡಿದ ಡಿಕ್ಸನ್ ಬೈಲಿಯ ತಾಯಿಯೂ ಕ್ರೀಕ್. ವೆದರ್‌ಫರ್ಡನ ತಾಯಿಯ ಇನ್ನೊಬ್ಬ ಮಗ ಡೇವಿಡ್ ಟೇಟ್ ಅಮೆರಿಕನ್ನರ ಕಡೆಗಿದ್ದ. ಇದು ಬಿಳಿಯರಿಗೂ ಇಂಡಿಯನ್ನರಿಗೂ ನಡೆದ ಜಗಳವಾಗುವ ಮೊದಲು ಕ್ರೀಕರ ಮನೆಜಗಳ. ಬಿಳಿಯರಿಂದ ಬಂದ ಮಗ್ಗ, ದನ, ತೋಟ, ಸಾಲ ಎಲ್ಲವನ್ನೂ ಬಿಟ್ಟುಬಿಡಿ ಎಂದ ಪ್ರವಾದಿಗಳ ಹಿಂದೆ ಹೋದವರು ರೆಡ್ ಸ್ಟಿಕ್ಸ್. ಸ್ವತಃ ತೋಟ, ಗುಲಾಮರು, ಒಳ್ಳೆ ಕುದುರೆಗಳಿದ್ದ ವೆದರ್‌ಫರ್ಡ್ ಅವರ ಜೊತೆ ಯಾಕೆ ಹೋದ? ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಂಡು ಬಲವಂತ ಮಾಡಿದರು ಎಂಬ ಕತೆಯಿದೆ. ನನಗೇಕೋ ಅದು ಆಮೇಲೆ ಬಿಳಿಯರ ನಡುವೆ ಬಾಳಬೇಕಾದ ಬಂಧುಗಳಿಗೆ ಅನುಕೂಲವಾದ ಕತೆ ಅನ್ನಿಸುತ್ತದೆ. ಫೋರ್ಟ್ ಮಿಮ್ಸ್‌ನಲ್ಲಿ ಕೊಲೆ ತಡೆಯಲು ನೋಡಿದನಂತೆ ಎನ್ನುವುದನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಒಳಗಿದ್ದವರು ಅವನ ನೆಂಟರು.

ಡಿಸೆಂಬರ್ 23ರಂದು ರೆಡ್ ಸ್ಟಿಕ್ಸ್ ನೆಲೆಯಾದ ಹೋಲಿ ಗ್ರೌಂಡ್‌ನಲ್ಲಿ ಸೋತಾಗ ಕುದುರೆ ಸಮೇತ ಅಲಬಾಮಾ ನದಿಗೆ ಹಾರಿ ಪಾರಾದ. ಆ ದಂಡೆಯ ಎತ್ತರ ಹೇಳುವವರ ಬಾಯಲ್ಲಿ ಬೆಳೆಯುತ್ತಲೇ ಹೋಗಿದೆ. 1814ರ ಮಾರ್ಚ್ 27ರಂದು ಹಾರ್ಸ್‌ಶೂ ಬೆಂಡ್‌ನಲ್ಲಿ ಅಮೆರಿಕನ್ ಸೇನಾಪತಿ ಆಂಡ್ರ್ಯೂ ಜಾಕ್ಸನ್ನನ ಸೈನ್ಯ 800ಕ್ಕೂ ಹೆಚ್ಚು ರೆಡ್ ಸ್ಟಿಕ್ಸ್ ಯೋಧರನ್ನು ಕೊಂದಿತು. ವೆದರ್‌ಫರ್ಡ್ ಅಲ್ಲಿರಲಿಲ್ಲ. ಕೆಲವೇ ದಿನಗಳಲ್ಲಿ ತಾನಾಗಿಯೇ ಜಾಕ್ಸನ್ನನ ಪಾಳೆಯಕ್ಕೆ ನಡೆದು ಬಂದ. ಕಾಡಿನಲ್ಲಿ ಹಸಿದಿದ್ದ ಹೆಂಗಸರು ಮಕ್ಕಳಿಗೆ ಆಹಾರ ಕೇಳಿದ ಎನ್ನುತ್ತಾರೆ. ಜಾಕ್ಸನ್ ಅವನನ್ನು ಕೊಲ್ಲಲಿಲ್ಲ.

ಆದರೆ ಆಗಸ್ಟ್ 9ರ ಒಪ್ಪಂದದಲ್ಲಿ ಕ್ರೀಕರಿಂದ 2 ಕೋಟಿ ಎಕರೆಗೂ ಹೆಚ್ಚು ನೆಲ ಕಿತ್ತುಕೊಂಡ. ಸಹಿ ಹಾಕಿದವರಲ್ಲಿ ಹೆಚ್ಚಿನವರು ಜಾಕ್ಸನ್ ಪರವಾಗಿ ರೆಡ್ ಸ್ಟಿಕ್ಸ್ ವಿರುದ್ಧ ಹೋರಾಡಿದವರೇ! ಅವರ ನೆಲವೂ ಹೋಯಿತು. ವೆದರ್‌ಫರ್ಡ್ ಮಾತ್ರ ಲಿಟಲ್ ರಿವರ್ ಕಡೆಗೆ ಹಿಂತಿರುಗಿ, ಗುಲಾಮರನ್ನಿಟ್ಟುಕೊಂಡು ತೋಟ ಮಾಡಿಕೊಂಡು, 1824ರವರೆಗೆ ಬದುಕಿದ.